ಶಿರ್ವದ ರೈಟು

ಬೆಲಿಂಡಾ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾದದ್ದು ಇಂಗ್ಲಿಷ್ ಬಾರದೆ ಅಲ್ಲ. ಸೌದಿಯ ಯಾನ್ಬುವಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಈಜಿಪ್ಟಿನ ಡಾಕ್ಟರ ಇಂಗ್ಲಿಷು, ಫಿಲಿಪ್ಪೀನ್ಸಿನ ನರ್ಸುಗಳ ಇಂಗ್ಲಿಷು, ಕೇರಳದ ಲ್ಯಾಬಿನವರ ಇಂಗ್ಲಿಷು ಎಲ್ಲವನ್ನೂ ಅರಗಿಸಿಕೊಂಡ ಸ್ಟಾಫ್ ನರ್ಸು ಆಕೆ. ಫೇಲಾದದ್ದು ಒಂದೇ ಒಂದು ಪದದಿಂದ. ಅದೂ ಒಂದನೇ ಕ್ಲಾಸಿನ ಮಕ್ಕಳಿಗೆ ಗೊತ್ತಿರುವ ಪದ. ಡ್ರೈವಿಂಗ್ ಸ್ಕೂಲಿನಲ್ಲಿ ಪಾಠವನ್ನೂ ಟೆಸ್ಟನ್ನೂ ಮಾಡುತ್ತಿದ್ದ ಅರ್ವಾ ಎಂಬ ಸೌದಿ ಹುಡುಗಿ ಪಕ್ಕದಲ್ಲಿ ಕೂತು "ರೈಟ್" ಅಂದಳು. ಬೆಲಿಂಡಾ ಬಲಕ್ಕೆ ತಿರುಗಲಿಲ್ಲ, ಆಕ್ಸಿಲರೇಟರ್ ಒತ್ತಿ ನೆಟ್ಟಗೆ ಹೋದಳು. ದಾರಿ ಗುರುತಿಗೆ ಎದುರಿಗಿಟ್ಟಿದ್ದ ಮೂರು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಟೋಪಿಗಳು ಕಾರಿನಡಿ ಸೇರಿದವು.

ತಪ್ಪು ಯಾರದ್ದು ಎಂದರೆ ಗಂಡನದ್ದು. ಆದರೆ ಅದನ್ನು ಗಂಡನಿಗೆ ಹೇಳುವ ಹಾಗಿಲ್ಲ, ಫಜೀತಿ ಇದ್ದದ್ದೇ ಅಲ್ಲಿ. ಯಾಕೆ ಹೇಳುವ ಹಾಗಿಲ್ಲ ಎಂದು ತಿಳಿಯಬೇಕಾದರೆ ಶಿರ್ವದಿಂದಲೇ ಶುರು ಮಾಡಬೇಕು.

ಬೆಲಿಂಡಾ ನರ್ಸಿಂಗ್ ಓದುವಾಗ ಶಿರ್ವದಿಂದ ಉಡುಪಿಗೆ ಬೆಳಿಗ್ಗೆ ಏಳೂ ಹತ್ತಕ್ಕೆ ಒಂದು ಬಸ್ಸು. ಅದರ ಕಂಡಕ್ಟರು ಸಲ್ವಾದೋರ್, ಸಣಕಲ ದೇಹ, ಕಿವಿಯ ಮೇಲೊಂದು ಪೆನ್ನು. ಬೆಲಿಂಡಾ ಜನ್ಮದಲ್ಲಿ ಒಂದು ದಿನವೂ ಹೊತ್ತಿಗೆ ಸರಿಯಾಗಿ ಹೊರಟವಳಲ್ಲ. ಒದ್ದೆ ಕೂದಲು ಬೆನ್ನಿಗೆ ಬಡಿಯುತ್ತ ಓಣಿಯ ಕೊನೆಯಿಂದ ಓಡಿ ಬರುತ್ತಿದ್ದಳು. ಡ್ರೈವರ್ ಎಂಜಿನ್ ಗುರುಗುಟ್ಟಿಸುತ್ತಿದ್ದ, ಮುಂದಿನ ಸೀಟಿನ ಮೀನಿನ ಬುಟ್ಟಿಯ ಹೆಂಗಸರು ಬೈಯುತ್ತಿದ್ದರು. ಸಲ್ವಾದೋರ್ ಮಾತ್ರ ಫುಟ್‌ಬೋರ್ಡಿನಲ್ಲಿ ನಿಂತು ಯಾರಿಗೋ ಚಿಲ್ಲರೆ ಕೊಡಲಿಕ್ಕುಂಟು ಎಂಬಂತೆ ಚೀಲದೊಳಗೆ ಕೈಯಾಡಿಸುತ್ತಿದ್ದ. ಅವಳ ಎರಡೂ ಕಾಲು ಒಳಗೆ ಬಂದ ಮೇಲೆಯೇ ಬಸ್ಸಿನ ಮೈಗೆ ಎರಡು ಸಲ ತಟ್ಟಿ "ರೈಟ್ ಪೋಯಿ", ಅಂದರೆ ಇನ್ನು ಹೋಗುವ, ಅನ್ನುತ್ತಿದ್ದ. ಮೂರು ವರ್ಷ ಹೀಗೇ ನಡೆಯಿತು. ಪ್ರೀತಿ ಗೀತಿ ಎಂದು ಆ ಮನುಷ್ಯ ಬಾಯಿಬಿಟ್ಟು ಹೇಳಿದ್ದೇ ಇಲ್ಲ, ಮದುವೆಯಾಗಿ ಇಷ್ಟು ವರ್ಷವಾದರೂ ಹೇಳಿಲ್ಲ. ಹೇಳಿದ್ದು ಅದೊಂದೇ ಪದ. ಬೆಲಿಂಡಾಗೆ ಅದು ಸಾಕಾಗಿತ್ತು.

ಯಾನ್ಬುವಿಗೆ ಬಂದ ಮೇಲೆ ಸಲ್ವಾದೋರ್ ಲೈಸೆನ್ಸ್ ಮಾಡಿಸಿಕೊಂಡು ಕಂಪನಿಯ ಶಿಫ್ಟ್ ಬಸ್ಸಿನ ಡ್ರೈವರಾದ. ಕ್ಯಾಂಪಿನಿಂದ ಪ್ಲಾಂಟಿಗೆ, ಪ್ಲಾಂಟಿನಿಂದ ಕ್ಯಾಂಪಿಗೆ, ಹತ್ತೊಂಬತ್ತು ವರ್ಷ, ಬಸ್ಸಿಗೆ ಒಂದು ಗೀರು ಬಿದ್ದದ್ದಿಲ್ಲ. ಕೈ ಡ್ರೈವರನದ್ದಾಯಿತು, ನಾಲಿಗೆ ಮಾತ್ರ ಶಿರ್ವದ ಕಂಡಕ್ಟರನದ್ದೇ ಉಳಿಯಿತು. ಕುಕ್ಕರ್ ಮೂರು ಸೀಟಿ ಹಾಕಿದರೆ ಹಾಲ್‌ನಿಂದ, ಬಸ್ಸು ನಿಲ್ಲಿಸಿದ ಹಾಗೆ, "ಹೋಲ್ಡಾನ್" ಎಂದು ಕೂಗುತ್ತಾನೆ. ಮನೆಯಿಂದ ಎಲ್ಲರೂ ಹೊರಗೆ ಬಂದು ಬೀಗ ಹಾಕಿದರೆ ಬಾಗಿಲಿಗೆ ಎರಡು ಪೆಟ್ಟು, ರೈಟ್.

ಮಗಳು ಶೆರಿಲ್‌ಗೆ ಈ ಇಂಗ್ಲಿಷ್ ಕೇಳಿದರೆ ಮೈ ಉರಿಯುತ್ತದೆ. ಅವಳು ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೇ ಕ್ಲಾಸು. ಚಿಕ್ಕವಳಿದ್ದಾಗ ಅಪ್ಪ ಕಲಿಸಿದ "ಐಸ್ ಪೈಸ್" ಆಟವನ್ನು ಸ್ಕೂಲಿನಲ್ಲಿ ಅದೇ ಹೆಸರಿನಿಂದ ಕರೆದು, ಅದು "ಐ ಸ್ಪೈ" ಎಂದು ಟೀಚರಿಂದ ತಿದ್ದಿಸಿಕೊಂಡು ಅಳುತ್ತ ಬಂದವಳು. ಅಂದಿನಿಂದ ಅಪ್ಪನ ಪ್ರತಿಯೊಂದು ಪದಕ್ಕೂ ಫೋನು ತೆಗೆದು ವಿಚಾರಣೆ.

"ಪಪ್ಪಾ, ಸ್ಟೆಪ್ನಿ ಅಂತ ಈಗ ಯಾರೂ ಹೇಳುವುದಿಲ್ಲ. ಅದು ಬ್ರಿಟನ್ನಿನ ಒಂದು ಬೀದಿಯ ಹೆಸರು. ನೂರು ವರ್ಷದ ಹಿಂದೆ ಅಲ್ಲಿ ಎಕ್ಸ್‌ಟ್ರಾ ಚಕ್ರ ಮಾಡ್ತಿದ್ರಂತೆ."

"ಹೌದಾ? ಹಾಗಾದ್ರೆ ನಮ್ಮ ಕಾರಿನಲ್ಲಿ ಒಂದು ಬೀದಿಯೇ ಉಂಟು."

"ಮತ್ತೆ ಡಿಕ್ಕಿ ಅಂದ್ರೆ ಎಂತ ಗೊತ್ತುಂಟಾ? ಹಳೇ ಕುದುರೆಗಾಡಿಯ ಹಿಂದೆ ಆಳುಗಳು ಕೂತುಕೊಳ್ಳುವ ಸೀಟು."

"ಅದಕ್ಕೇ ನಾನು ಸಾಮಾನು ಇಡುವುದು. ಆಳುಗಳನ್ನು ಇಡುವುದಿಲ್ಲ ಅಲ್ಲವಾ" ಎಂದು ಸಲ್ವಾದೋರ್ ನಕ್ಕುಬಿಡುತ್ತಿದ್ದ. ಅವನನ್ನು ಸೋಲಿಸುವುದು ಸುಲಭವಲ್ಲ.

ಅವನನ್ನು ಸೋಲಿಸಿದ್ದು ಒಂದು ಗೋಡೆಯ ಮೇಲಿನ ಅಕ್ಷರಗಳು. ಈ ಸಲ ಲೈಸೆನ್ಸ್ ನವೀಕರಣಕ್ಕೆ ಹೋದಾಗ ಕಣ್ಣು ಪರೀಕ್ಷೆಯಲ್ಲಿ ಎಡಗಣ್ಣಿಗೆ ಕೆಳಗಿನ ನಾಲ್ಕು ಸಾಲೂ ಕಾಣಲಿಲ್ಲ. ಗ್ಲಾಕೋಮಾ. ಒಳಗೊಳಗೇ ಒತ್ತಡ ಹೆಚ್ಚಿ ನರ ಸೊರಗಿ ಎಷ್ಟು ಕಾಲವಾಗಿತ್ತೋ. ದಿನಕ್ಕೆ ಇಪ್ಪತ್ತು ಮಂದಿಯ ಕಣ್ಣಿಗೆ ಡ್ರಾಪ್ಸ್ ಹಾಕುವ ತನಗೆ ಮನೆಯೊಳಗಿನ ಕಣ್ಣು ಕಾಣಲಿಲ್ಲವಲ್ಲ ಎಂದು ಬೆಲಿಂಡಾ ಆಸ್ಪತ್ರೆಯ ಲಿನನ್ ರೂಮಿನಲ್ಲಿ ನಿಂತು ಅತ್ತಳು.

ಲೈಸೆನ್ಸ್ ಹೋಯಿತು. ಕಂಪನಿಯವರು ಒಳ್ಳೆಯವರು, ಬಸ್ಸುಗಳನ್ನು ಹೊರಡಿಸುವ ಕಂಟ್ರೋಲ್ ರೂಮಿನಲ್ಲಿ ವಾಕಿಟಾಕಿ ಹಿಡಿದು ಕೂರುವ ಕೆಲಸ ಕೊಡುತ್ತೇವೆ, ತಿಂಗಳ ಕೊನೆಯೊಳಗೆ ಹೇಳು ಎಂದರು. ಕಂಪನಿಗೆ ಇನ್ನೂ ಉತ್ತರ ಕೊಡದಿದ್ದರೂ ಮನೆಗೆ ಬಂದು ಸಲ್ವಾದೋರ್ ಬೇಡ ಎಂದ.

"ಬೇರೆಯವರು ಓಡಿಸುವ ಬಸ್ಸನ್ನು ಕೂತು ನೋಡುವ ಕೆಲಸ ನನಗೆ ಬೇಡ. ನಾನು ಊರಿಗೆ ಹೋಗ್ತೇನೆ ಬೆಲ್ಲ" ಎಂದ. ಬೆಲಿಂಡಾಳನ್ನು ಅವನು ಕರೆಯುವುದೇ ಬೆಲ್ಲ ಎಂದು. "ನಿನ್ನ ಕಾಂಟ್ರಾಕ್ಟ್ ಇನ್ನು ಎರಡು ವರ್ಷ ಉಂಟಲ್ಲ, ಮುಗಿಸಿಕೊಂಡು ಬಾ. ಕಾರು ಅಬ್ದುಲ್ಲಾ ತಗೊಳ್ತಾನೆ."

ಅಬ್ದುಲ್ಲಾ ಎಂದರೆ ಭಟ್ಕಳದವರು, ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟುಕೊಂಡು ಮೂವತ್ತು ವರ್ಷದಿಂದ ಇಲ್ಲಿದ್ದವರು. ಸಲ್ವಾದೋರನ ಆ ಹಳೆಯ ಕ್ಯಾಮ್ರಿ ಕಾರಿನ ಮೇಲೆ ಅವರಿಗೆ ಮೊದಲಿನಿಂದಲೂ ಒಂದು ಕಣ್ಣು.

ಎರಡು ವರ್ಷ. ಈ ಮನುಷ್ಯ ಒಂದು ಸಲ ಅಲ್ಲಿ ಹೋಗಿ ಮೂಲೆಯಲ್ಲಿ ಕೂತರೆ ಮತ್ತೆ ಏಳುವವನಲ್ಲ. ಡ್ರಾಪ್ಸ್ ಹೊತ್ತಿಗೆ ಹಾಕುವವರೂ ಇಲ್ಲ. ಆಗಲೇ ಅವನು ಶುಕ್ರವಾರ ಸಮುದ್ರದ ದಂಡೆಗೆ ಹೋಗುವುದನ್ನೂ ಬಿಟ್ಟಾಗಿತ್ತು. ಟ್ಯಾಕ್ಸಿಯಲ್ಲಿ ಹೋಗುವ ಎಂದರೆ, ಟ್ಯಾಕ್ಸಿಯಲ್ಲಿ ಹೋಗಿ ನೋಡುವಂಥದ್ದು ಅಲ್ಲಿ ಎಂತ ಉಂಟು ಎನ್ನುತ್ತಿದ್ದ.

"ನಾನು ಕಲಿತರೆ?" ಎಂದಳು ಬೆಲಿಂಡಾ.

"ಎಂತ?"

"ಕಾರು."

ಸಲ್ವಾದೋರ್ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ಎಷ್ಟೋ ವಾರದ ಮೇಲೆ ಮೊದಲ ಸಲ ನಕ್ಕ. "ಕಲಿ. ಆಮೇಲೆ ನೋಡುವ." ಆ 'ನೋಡುವ' ಎಂಬ ಮಾತನ್ನೇ ಬೆಲಿಂಡಾ ವಾಗ್ದಾನವೆಂದು ಗಂಟು ಕಟ್ಟಿಕೊಂಡಳು. ಐವತ್ತೊಂದನೇ ವಯಸ್ಸಿನಲ್ಲಿ ಹೆಂಗಸರ ಡ್ರೈವಿಂಗ್ ಸ್ಕೂಲಿಗೆ ಸೇರಿದಳು.

ಸ್ಕೂಲಿನ ಪಾಠ ವಾರಕ್ಕೆ ಮೂರು ದಿನ. ಮನೆಯ ಪಾಠ ದಿನಾ ಸಂಜೆ. ಹಾಲ್‌ನಲ್ಲಿ ಎರಡು ಕುರ್ಚಿ ಒಂದರ ಹಿಂದೊಂದು. ಮುಂದಿನದರಲ್ಲಿ ಬೆಲಿಂಡಾ, ಕೈಯಲ್ಲಿ ದೊಡ್ಡ ಪಾತ್ರೆಯ ಸ್ಟೀಲ್ ಮುಚ್ಚಳ, ಅದೇ ಸ್ಟೀರಿಂಗು. ಕಾಲಡಿ ಎರಡು ಹಳೆಯ ಚಪ್ಪಲಿ, ಒಂದು ಬ್ರೇಕು, ಒಂದು ಆಕ್ಸಿಲರೇಟರು. ಹಿಂದಿನದರಲ್ಲಿ, ಪಕ್ಕದ ಬೀರುವಿಗೆ ಒರಗಿಕೊಂಡು ಸಲ್ವಾದೋರ್. ಬೀರುವಿಗೆ ಎರಡು ಪೆಟ್ಟು, "ರೈಟ್", ಬೆಲಿಂಡಾಳ ಬಲಗಾಲು ಚಪ್ಪಲಿ ಒತ್ತಬೇಕು. "ಹೋಲ್ಡಾನ್", ಇನ್ನೊಂದು ಚಪ್ಪಲಿ. "ರೈಟ್." "ಹೋಲ್ಡಾನ್, ಹೋಲ್ಡಾನ್, ಅಜ್ಜಿ ಇಳೀಲಿಕ್ಕುಂಟು." "ಕಟಪಾಡಿ ಬಂತು, ಸೈಡ್ ಕೊಡು." ಶೆರಿಲ್ ಓದಲಿಕ್ಕೆ ಆಗುವುದಿಲ್ಲ ಎಂದು ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸಲ್ವಾದೋರನ ಮುಖದಲ್ಲಿ ಮಾತ್ರ ಒಂದು ಕಳೆ ಬಂದಿತ್ತು. ಮಧ್ಯಾಹ್ನದಿಂದಲೇ ಚಪ್ಪಲಿ ಜೋಡಿಸಿ ಕಾಯುತ್ತಿದ್ದ. ಹೊಟ್ಟೆ ತುಂಬ ಉಣ್ಣುತ್ತಿದ್ದ. ಅದನ್ನು ನೋಡಿದ ಮೇಲೆ ಬೆಲಿಂಡಾ ಇನ್ನೆಂಥ ಬಾಯಿಂದ ಹೇಳಬೇಕಿತ್ತು, ಈ ಇಂಗ್ಲಿಷ್ ಆ ಕಾರಿನೊಳಗೆ ನಡೆಯುವುದಿಲ್ಲ ಎಂದು?

ಟೋಪಿಗಳ ಮೇಲೆ ಕಾರು ಹೋದ ದಿನ ಅರ್ವಾ ತಲೆವಸ್ತ್ರ ಸರಿಮಾಡಿಕೊಳ್ಳುತ್ತ ಮೆಲ್ಲಗೆ ಕೇಳಿದಳು, "ಸಿಸ್ಟರ್, ರೈಟ್ ಯಾವ ಕಡೆ ಎಂದು ನಿಮಗೆ ಗೊತ್ತಿಲ್ಲವಾ?"

"ಗೊತ್ತು ಅಬ್ಲಾ" ಎಂದಳು ಬೆಲಿಂಡಾ. ಇಲ್ಲಿ ಟೀಚರಿಗೆ ಅಬ್ಲಾ ಎನ್ನುತ್ತಾರೆ, ಟೀಚರ್ ಮಗಳ ವಯಸ್ಸಿನವಳಾದರೂ. "ತಲೆಗೆ ಗೊತ್ತು. ಕಾಲಿಗೆ ಗೊತ್ತಿಲ್ಲ." ಅರ್ವಾಳಿಗೆ ಏನೂ ತಿಳಿಯದಿದ್ದರೂ ನಗು ಬಂತು. ಹತ್ತು ದಿನ ಬಿಟ್ಟು ಇನ್ನೊಂದು ತಾರೀಕು ಕೊಟ್ಟಳು. ತಿಂಗಳ ಕೊನೆಗೆ ಮುಂಚೆ ಅದೇ ಕೊನೆಯ ತಾರೀಕು.

ಮನೆಯಲ್ಲಿ ಬೆಲಿಂಡಾ ಸುಳ್ಳು ಹೇಳಿದಳು. "ಪಾರ್ಕಿಂಗ್‌ನಲ್ಲಿ ಹೋಯ್ತು."

"ಅದು ಟ್ರಯಲ್ ಬಾಲ್ ಮಾರಾಯ್ತಿ" ಎಂದ ಸಲ್ವಾದೋರ್. "ಮೊದಲನೇ ಬಾಲು ಔಟಾದರೂ ಲೆಕ್ಕಕ್ಕಿಲ್ಲ. ಬಾ, ಕೂತುಕೊ." ಅಂದಿನಿಂದ ಪಾಠ ಅರ್ಧ ಗಂಟೆಯಿಂದ ಒಂದು ಗಂಟೆಗೆ ಏರಿತು. ಅವನು ಹೆಚ್ಚು ಹೇಳಿಕೊಟ್ಟಷ್ಟೂ ಸ್ಕೂಲಿನಲ್ಲಿ ಬೆಲಿಂಡಾಳ ಕಾಲು ಹೆಚ್ಚು ಹದಗೆಟ್ಟಿತು. ಅರ್ವಾ ರೈಟ್ ಎಂದರೆ ಸಾಕು, ಯಾರೋ ಬೆನ್ನ ಹಿಂದೆ ಬಸ್ಸಿನ ಮೈ ತಟ್ಟಿದ ಹಾಗಾಗಿ ಕಾಲು ತಾನಾಗಿ ಒತ್ತುತ್ತಿತ್ತು.

"ಮಮ್ಮಿ, ಪಪ್ಪಾನಿಗೆ ಹೇಳಿಬಿಡು" ಎಂದಳು ಶೆರಿಲ್ ಅಡುಗೆಮನೆಯಲ್ಲಿ. "ಅಥವಾ ನಾನು ಹೇಳ್ತೇನೆ."

"ನೀನು ಬಾಯಿ ಹಾಕಿದ್ರೆ ನೋಡು."

"ಫೇಲಾದ್ರೆ ಪಪ್ಪಾ ಹೋಗ್ತಾರೆ."

"ಹೇಳಿದ್ರೆ ಇಲ್ಲೇ ಇದ್ದೂ ಹೋದ ಹಾಗೆ. ಅವರ ಕೈಯಲ್ಲಿ ಈಗ ಉಳಿದದ್ದು ಇದೊಂದೇ." ಬೆಲಿಂಡಾ ಸೆರಗಿಲ್ಲದ ಯೂನಿಫಾರ್ಮಿನ ತೋಳಿನಿಂದಲೇ ಮೂಗು ಒರೆಸಿಕೊಂಡಳು.

ಟೆಸ್ಟಿಗೆ ನಾಲ್ಕು ದಿನ ಇರುವಾಗ ಬೆಲಿಂಡಾ ಇಲ್ಲಿಯ ವಾಸದ ಪರವಾನಗಿಯಾದ ಇಕಾಮಾ ಕಾರ್ಡನ್ನು ಮನೆಯಲ್ಲೇ ಮರೆತು ಪಾಠಕ್ಕೆ ಹೋದಳು. ಸಲ್ವಾದೋರ್ ಟ್ಯಾಕ್ಸಿ ಮಾಡಿಕೊಂಡು ಅದನ್ನು ತಂದುಕೊಟ್ಟ. ಬೆಲಿಂಡಾ ಕಾರಿನೊಳಗೆ ಕೂತು ಅರ್ವಾಳಿಗಾಗಿ ಕಾಯುತ್ತಿದ್ದಳು. ಗಾಜಿನಾಚೆ ಗೇಟಿನ ಬಳಿ ಅವನು ಅರ್ವಾಳನ್ನು ಏನೋ ಕೇಳುವುದು ಕಾಣಿಸಿತು. ಇನ್ನೇನು ಕೇಳುತ್ತಾನೆ, ನನ್ನ ಹೆಂಡತಿ ಹೇಗೆ ಓಡಿಸುತ್ತಾಳೆ ಎಂದೇ ಇರಬೇಕು. ಆ ಹುಡುಗಿ ಕಪಟವಿಲ್ಲದವಳು, ಕೈಯನ್ನು ಬಲಕ್ಕೆ ತೋರಿಸಿದಳು, ಆಮೇಲೆ ನೆಟ್ಟಗೆ ಮುಂದಕ್ಕೆ ತೋರಿಸಿ ನಕ್ಕಳು. ಸಲ್ವಾದೋರ್ ನಗಲಿಲ್ಲ. ತನ್ನ ಬಲಗೈಯನ್ನು ಯಾರದ್ದೋ ಎಂಬಂತೆ ಒಮ್ಮೆ ತಿರುಗಿಸಿ ನೋಡಿಕೊಂಡ. ಆಮೇಲೆ ಅರ್ವಾಳಿಗೆ ಶುಕ್ರನ್ ಹೇಳಿ ಟ್ಯಾಕ್ಸಿ ಹತ್ತಿದ.

ಆ ಸಂಜೆ ಕುರ್ಚಿಗಳು ಎಂದಿನಂತೆ ಇದ್ದವು, ಚಪ್ಪಲಿಯೂ ಇತ್ತು. ಸಲ್ವಾದೋರನ ಕೈಯಲ್ಲಿ ಮಾತ್ರ ಒಂದು ಕಾಗದ, ಶೆರಿಲ್ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟದ್ದು. ಅದನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ಅವನು ಓದಿದ, "ಗೋ."

ಬೆಲಿಂಡಾ ತಿರುಗಿ ನೋಡಿದಳು.

"ನನ್ನನ್ನು ಎಂತ ನೋಡುವುದು? ಗೋ ಅಂದ್ರೆ ಒತ್ತು. ಸ್ಟಾಪ್. ಟರ್ನ್ ರೈಟ್." ಬೀರುವನ್ನು ಅವನು ಮುಟ್ಟಲಿಲ್ಲ. "ಟರ್ನ್ ರೈಟ್ ಅಂದ್ರೆ ಬಲಕ್ಕೆ ಬೆಲ್ಲ. ಬಲಕ್ಕೆ ತಿರುಗಿಸು."

"ನನಗೆ ಹೀಗೆ ಬೇಡ" ಎಂದಳು.

"ಪಾಸಾಗಬೇಕಲ್ಲ."

ಬೆಲಿಂಡಾ ಮುಚ್ಚಳವನ್ನು ಬಲಕ್ಕೆ ತಿರುಗಿಸಿದಳು. ಕಣ್ಣು ತುಂಬಿ ಮುಚ್ಚಳ ಮಂಜುಮಂಜಾಯಿತು. ನಾಲ್ಕು ದಿನ ಆ ಮನೆಯಲ್ಲಿ ಯಾರೂ ಏನನ್ನೂ ತಟ್ಟಲಿಲ್ಲ. ಕುಕ್ಕರ್ ಐದು ಸೀಟಿ ಹಾಕಿ ಅನ್ನ ಸೀದರೂ ಹಾಲ್‌ನಿಂದ ಹೋಲ್ಡಾನ್ ಕೇಳಿಸಲಿಲ್ಲ.

ಟೆಸ್ಟಿನ ದಿನ ಅರ್ವಾ ರೈಟ್ ಎಂದಾಗ ಕಾರು ಬಲಕ್ಕೆ ತಿರುಗಿತು. ಲೆಫ್ಟ್ ಎಂದಾಗ ಎಡಕ್ಕೆ. ಪಾರ್ಕಿಂಗ್ ಕೂಡ ಒಂದೇ ಸಲಕ್ಕೆ ಆಯಿತು. ಅರ್ವಾ ಇಳಿದು ಬಂದು ಅವಳನ್ನು ತಬ್ಬಿಕೊಂಡು ಮಬ್ರೂಕ್ ಎಂದು ಅಭಿನಂದಿಸಿದಳು. ಬೆಲಿಂಡಾಗೆ ಖುಷಿಯಾಯಿತು, ಯಾಕೆ ಆಗುವುದಿಲ್ಲ. ಆದರೆ ಒಂದು ಹಲ್ಲು ಕೀಳಿಸಿಕೊಂಡು ಬಂದವಳ ಹಾಗೆ ನಾಲಿಗೆ ಮತ್ತೆ ಮತ್ತೆ ಆ ಖಾಲಿ ಜಾಗಕ್ಕೇ ಹೋಗುತ್ತಿತ್ತು.

ಲೈಸೆನ್ಸ್ ಕಾರ್ಡನ್ನು ಸಲ್ವಾದೋರ್ ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದ. "ಫೋಟೋ ಚೆಂದ ಬಂದಿದೆ" ಎಂದ. ಆಮೇಲೆ ಕಾರ್ಡನ್ನು ಮೇಜಿನ ಮೇಲಿಟ್ಟು, "ಶುಕ್ರವಾರ ನಮಾಜ್ ಮುಗಿದ ಮೇಲೆ ಕಾರು ಮುಟ್ಟಿಸ್ತೇನೆ ಅಂತ ಅಬ್ದುಲ್ಲಾನಿಗೆ ಹೇಳಿದ್ದೇನೆ. ನೀನೇ ಓಡಿಸಿಕೊಂಡು ಬಾ. ಅದಕ್ಕಾದರೂ ಆಯ್ತಲ್ಲ" ಎಂದ.

ಬೆಲಿಂಡಾಗೆ ಮೊದಲು ಅರ್ಥವೇ ಆಗಲಿಲ್ಲ. "ಕಲಿ, ಆಮೇಲೆ ನೋಡುವ ಅಂತ ಹೇಳಿದ್ರಿ."

"ನೋಡಿದೆನಲ್ಲ. ಚೆಂದ ಕಲಿತೆ."

"ನಾನು ಯಾರಿಗೋಸ್ಕರ ಕಲಿತದ್ದು?"

"ಬೆಲ್ಲ, ಕೇಳು. ನಾನು ಇಲ್ಲಿ ಇದ್ದು ಎಂತ ಮಾಡುವುದು? ನೀನು ಓಡಿಸ್ತೀಯ, ನಾನು ಸ್ಟೆಪ್ನಿಯ ಹಾಗೆ ಡಿಕ್ಕಿಯಲ್ಲಿ ಬಿದ್ದುಕೊಂಡಿರುವುದಾ? ಕಲಿಸಲಿಕ್ಕೆ ಹೋದದ್ದೂ ತಪ್ಪೇ ಕಲಿಸಿದೆ. ನೀನು ಫೇಲಾದದ್ದು ನನ್ನಿಂದ. ಅದನ್ನು ಹೇಳಲಿಕ್ಕೂ ನೀನು ಹೆದರಿದೆ. ಡ್ರೈವರ್ ಅಲ್ಲದವನಿಗೆ ಇಲ್ಲಿ ಕೆಲಸ ಇಲ್ಲ."

ಬೆಲಿಂಡಾ ಕೋಪ ಬಂದರೆ ದನಿ ಏರಿಸುವವಳಲ್ಲ, ಇಳಿಸುವವಳು. "ಡ್ರೈವರನ್ನು ನಾನು ಮದುವೆ ಆಗಲೇ ಇಲ್ಲ" ಎಂದಳು. "ಆ ಬಸ್ಸಿನ ಡ್ರೈವರ್ ಯಾರು ಅಂತ ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ. ಅವನ ಮುಖ ನಾನು ಒಂದು ದಿನ ನೋಡಿದವಳಲ್ಲ. ನಾನು ಕಟ್ಟಿಕೊಂಡದ್ದು ಕಂಡಕ್ಟರನ್ನು."

ಸಲ್ವಾದೋರ್ ಎದ್ದು ಹೋಗಿ ಡ್ರಾಪ್ಸಿನ ಬಾಟಲಿ ತಂದು ಅವಳ ಕೈಗೆ ಕೊಟ್ಟು, ತಲೆ ಹಿಂದಕ್ಕೆ ಮಾಡಿ ಕೂತ. ಬೆಲಿಂಡಾ ಒಂದು ಹನಿ ಹಾಕಿದಳು.

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಮೂವರೂ ಕೆಳಗೆ ಇಳಿದರು. ಕ್ಯಾಮ್ರಿಯನ್ನು ಸಲ್ವಾದೋರ್ ಬೆಳಿಗ್ಗೆಯೇ ತೊಳೆದು ಒರೆಸಿ ಇಟ್ಟಿದ್ದ, ಕೊಡುವ ಗಾಡಿ ಕೊಳೆಯಾಗಿರಬಾರದಂತೆ. ಬೆಲಿಂಡಾ ಡ್ರೈವರ್ ಸೀಟಿನಲ್ಲಿ, ಶೆರಿಲ್ ಪಕ್ಕದಲ್ಲಿ. ಸಲ್ವಾದೋರ್ ಹಿಂದಿನ ಬಾಗಿಲು ತೆಗೆದು ಕೂತು ಗಾಜು ಇಳಿಸಿದ. ಬಿಸಿಗಾಳಿ ಒಳಗೆ ಬಂತು, ಎಸಿ ದಂಡ ಎಂದು ಶೆರಿಲ್ ಗೊಣಗಿದಳು. ಅವನು ಗಾಜು ಏರಿಸಲಿಲ್ಲ.

ಬೆಲಿಂಡಾ ಗಾಡಿ ಸ್ಟಾರ್ಟ್ ಮಾಡಿ ಕಾದಳು. ಹಿಂದಿನಿಂದ ಏನೂ ಬರಲಿಲ್ಲ. ಇನ್ನೂ ಸ್ವಲ್ಪ ಕಾದಳು. "ಮಮ್ಮಿ, ಹೋಗುವ" ಎಂದಳು ಶೆರಿಲ್. ಬೆಲಿಂಡಾ ತುಟಿ ಕಚ್ಚಿ ಗೇರ್ ಹಾಕಿ ಹೊರಟಳು. ಚೆನ್ನಾಗಿಯೇ ಓಡಿಸಿದಳು. ಎದುರಿಗೆ ಒಬ್ಬ ಹುಚ್ಚನ ಹಾಗೆ ಪಿಕಪ್ ತಂದು ನುಗ್ಗಿಸಿದಾಗಲೂ ಗಾಬರಿಯಾಗದೆ ಬ್ರೇಕ್ ಒತ್ತಿದಳು. ಕನ್ನಡಿಯಲ್ಲಿ ನೋಡಿದರೆ ಸಲ್ವಾದೋರ್ ಕಿಟಕಿಯ ಅಂಚಿನ ಮೇಲೆ ಕೈಯಿಟ್ಟು ಹೊರಗೆ ನೋಡುತ್ತಿದ್ದ. ಎಷ್ಟು ಕಾಣುತ್ತಿತ್ತೋ ಅಷ್ಟನ್ನು.

ದೊಡ್ಡ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಅಲ್ಲಿಂದ ಬಲಕ್ಕೆ ತಿರುಗಿದರೆ ವರ್ಕ್‌ಶಾಪುಗಳ ಸಾಲು, ಮೂರನೆಯದೇ ಅಬ್ದುಲ್ಲಾರ ಅಂಗಡಿ. ನೆಟ್ಟಗೆ ಹೋದರೆ ಸಮುದ್ರ. ಪ್ರತಿ ಶುಕ್ರವಾರ ಫ್ಲಾಸ್ಕಿನಲ್ಲಿ ಚಹಾ, ಡಬ್ಬದಲ್ಲಿ ಸನ್ನ ಇಡ್ಲಿ ಕಟ್ಟಿಕೊಂಡು ಅವರು ಹೋಗುತ್ತಿದ್ದದ್ದು ಅದೇ ದಾರಿಯಲ್ಲಿ. ಬೆಲಿಂಡಾ ಬಲಗಡೆಯ ಇಂಡಿಕೇಟರ್ ಹಾಕಿದಳು. ಟಿಕ್ ಟಿಕ್ ಎಂದು ಅದು ಬಡಿದುಕೊಳ್ಳತೊಡಗಿತು.

ಅಷ್ಟರಲ್ಲಿ ಸಲ್ವಾದೋರನ ಫೋನು ಹೊಡೆದುಕೊಂಡಿತು. ಅಬ್ದುಲ್ಲಾ. ಸ್ಪೀಕರಿನಲ್ಲಿ ಅವರ ದನಿ ಇಡೀ ಕಾರಿಗೆ ಕೇಳಿಸಿತು. "ಸಲ್ವಾದೋರ್ ಭಾಯಿ, ಎಲ್ಲಿದ್ದೀರಿ? ಚಹಾ ತರಿಸಿದ್ದೇನೆ."

"ಸಿಗ್ನಲ್ಲಿನಲ್ಲಿ."

"ಬನ್ನಿ ಬನ್ನಿ. ರೈಟ್ ತಗೊಂಡ್ರೆ ಬಂದೇ ಬಿಟ್ಟಿತು."

ಸಲ್ವಾದೋರ್ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ. ದೀಪ ಹಸಿರಾಯಿತು. ಬೆಲಿಂಡಾ ಹೊರಡಲಿಲ್ಲ. ಹಿಂದಿನಿಂದ ಒಂದು ಹಾರ್ನು, ಆಮೇಲೆ ನಾಲ್ಕು. "ಮಮ್ಮಿ, ಗ್ರೀನ್" ಎಂದಳು ಶೆರಿಲ್. ಬೆಲಿಂಡಾ ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದು ಕದಲದೆ ಕೂತಿದ್ದಳು. ಒಂದು ಕಾಲದಲ್ಲಿ ತನಗೋಸ್ಕರ ಒಂದು ಬಸ್ಸು ನಿಲ್ಲುತ್ತಿತ್ತು, ಹಿಂದಿನವರು ಬೈದರೂ ನಿಲ್ಲುತ್ತಿತ್ತು. ಈಗ ನಿಲ್ಲುವ ಸರದಿ ತನ್ನದು, ಬೈಯುವವರು ಬೈಯಲಿ.

ಹಿಂದಿನ ಬಾಗಿಲಿನ ಹೊರಮೈಗೆ ಎರಡು ಪೆಟ್ಟು ಬಿತ್ತು.

"ರೈಟ್" ಎಂದ ಸಲ್ವಾದೋರ್.

ಬೆಲಿಂಡಾ ಕನ್ನಡಿಯಲ್ಲಿ ಅವನನ್ನು ನೋಡಿದಳು. "ಯಾವ ರೈಟು? ಅಬ್ದುಲ್ಲಾರದ್ದಾ?"

"ಅಲ್ಲ, ಶಿರ್ವದ್ದು."

ಅವಳ ಕಾಲು ತಾನಾಗಿ ಒತ್ತಿತು. ಕಾರು ನೆಟ್ಟಗೆ ಹೋಯಿತು, ಬಲಗಡೆಯ ಇಂಡಿಕೇಟರ್ ಇನ್ನೂ ಬಡಿದುಕೊಳ್ಳುತ್ತಲೇ ಇತ್ತು. ಅರ್ವಾ ನೋಡಿದ್ದರೆ ಅದಕ್ಕೇ ಫೇಲು ಮಾಡುತ್ತಿದ್ದಳು. ಹಿಂದೆ ಸಲ್ವಾದೋರ್ ಫೋನಿನಲ್ಲಿ ಹೇಳುತ್ತಿದ್ದ, "ಚಹಾ ನೀವೇ ಕುಡಿಯಿರಿ ಅಬ್ದುಲ್ಲಾ ಭಾಯಿ. ಗಾಡಿ ಕೊಡ್ಲಿಕ್ಕೆ ಆಗುವುದಿಲ್ಲ. ಎಂತ ಮಾಡುವುದು, ಡ್ರೈವರ್ ಕೇಳುವುದಿಲ್ಲ. ಮತ್ತೆ ನನಗೂ ಭಾನುವಾರ ಕಂಪನಿಗೆ ಹೋಗಬೇಕು, ಬಸ್ಸು ಹೊರಡಿಸುವವರು ಬೇಕಂತೆ." ಫೋನು ಕಿಸೆಗೆ ಹಾಕಿ ಮುಂದಕ್ಕೆ ಬಾಗಿದ. "ಇಂಡಿಕೇಟರ್ ತೆಗೆ ಬೆಲ್ಲ."

ಬೆಲಿಂಡಾ ಇಂಡಿಕೇಟರ್ ತೆಗೆದಳು.